‘ಸರ್ಪ್ರೈಸ್’ ಶಬ್ದದ ಬಳಕೆ: ಕಲಿಕೆಯ ಮೆಟ್ಟಿಲುಗಳ ದೃಷ್ಟಿಯಿಂದ

ಪರಭಾಷೆಯೊಂದನ್ನು ಕಲಿತವನ ಯೋಗ್ಯತೆಯನ್ನು ಅವನು ಬಲ್ಲ ಶಬ್ದಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಶಬ್ದಸಂಗ್ರಹ ಬೆಳೆದಷ್ಟೂ ಭಾಷೆ ಕೈವಶವಾಯಿತೆಂದು ಕಲಿಯುವವನೂ ಭಾವಿಸುತ್ತಾನೆ, ಕಲಿಸುವವನೂ ಭಾವಿಸುತ್ತಾನೆ. ಈ ಅಳತೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಪೂರ್ಣಸತ್ಯವಲ್ಲ. ಕಲಿಕೆಯ ಮೊದಲನೆಯ ವರ್ಷದಲ್ಲಿಯೇ ಪರಿಚಯವಾದ ಒಂದು ಸಾಮಾನ್ಯ ಶಬ್ದವನ್ನು ಇಪ್ಪತ್ತು ವರ್ಷ ಬಳಸಿದ ಮೇಲೆಯೂ ಅದರ ಒಳಗುಟ್ಟು ತಿಳಿಯದೆ ಉಳಿಯುವುದುಂಟು. ಆಶ್ಚರ್ಯವನ್ನು ಸೂಚಿಸುವ ‘ಸರ್ಪ್ರೈಸ್’ ಎಂಬ ಇಂಗ್ಲಿಷ್ ಶಬ್ದ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ಪಾಠದ ಬಾಲಕನೂ ಇದನ್ನು ಬಲ್ಲ; ನುರಿತ ಲೇಖಕನೂ ಇದನ್ನೇ ಬಳಸುತ್ತಾನೆ. ಆದರೆ ಇಬ್ಬರೂ ಬಲ್ಲದ್ದು ಒಂದೇ ಶಬ್ದವೆಂದು ಹೇಳುವುದು ಕಷ್ಟ.

ಕನ್ನಡನಾಡಿನಿಂದ ಹೊರಗೆ ನೆಲಸಿರುವ ಕನ್ನಡಿಗರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕಚೇರಿಗಳಲ್ಲಿ ಅನೇಕರ ಜೀವನೋಪಾಯ ಇಂಗ್ಲಿಷಿನ ಮೂಲಕವೇ ಸಾಗುತ್ತದೆ. ಸಂದರ್ಶನದಲ್ಲಿ ಆಡಿದ ಒಂದು ವಾಕ್ಯ, ಮೇಲಧಿಕಾರಿಗೆ ಬರೆದ ಒಂದು ಪತ್ರ ಒಬ್ಬನ ಅಂತಸ್ತನ್ನು ನಿರ್ಧರಿಸಬಲ್ಲುದು. ತಪ್ಪು ಎಲ್ಲಿ ಹುಟ್ಟುತ್ತದೆ, ಏಕೆ ಹುಟ್ಟುತ್ತದೆ ಎಂಬುದನ್ನು ತಿಳಿದವನಿಗೆ ಅದನ್ನು ತಿದ್ದಿಕೊಳ್ಳುವುದು ಸುಲಭ. ಅದಕ್ಕಿಂತ ಮುಖ್ಯವಾಗಿ, ಆ ತಪ್ಪು ದಡ್ಡತನದಿಂದ ಹುಟ್ಟಿದ್ದಲ್ಲವೆಂಬ ಸಮಾಧಾನವೂ ದೊರೆಯುತ್ತದೆ.

೧. ಶಬ್ದದ ಮೂಲ

‘ಸರ್ಪ್ರೈಸ್’ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದುದು. ‘ಸರ್’ ಎಂದರೆ ಮೇಲೆ. ‘ಪ್ರಾಂದ್ರ್’ ಎಂದರೆ ಹಿಡಿ. ಮೇಲೆರಗಿ ಹಿಡಿಯುವುದು ಎಂಬುದೇ ಇದರ ಮೂಲಾರ್ಥ. ಹದಿನೈದನೆಯ ಶತಮಾನದ ಇಂಗ್ಲಿಷಿನಲ್ಲಿ ಇದು ಮುಖ್ಯವಾಗಿ ಯುದ್ಧದ ಮಾತಾಗಿತ್ತು. ಶತ್ರು ಎಚ್ಚರದಿಂದಿಲ್ಲದಾಗ ಅವನ ಮೇಲೆ ಬೀಳುವುದಕ್ಕೆ ಆ ಹೆಸರಿತ್ತು. ಹಾಗೆ ಸಿಕ್ಕಿಬಿದ್ದವನ ಮನಸ್ಸಿನ ಸ್ಥಿತಿಗೆ ಅದೇ ಹೆಸರು ಬಂದುದು ಸುಮಾರು ೧೬೦೦ರ ವೇಳೆಗೆ. ಹಳೆಯ ಅರ್ಥ ಇಂದಿಗೂ ಅಳಿದಿಲ್ಲ. ಬ್ಯಾಂಕಿನ ನಗದನ್ನು ಮುನ್ಸೂಚನೆಯಿಲ್ಲದೆ ಎಣಿಸಿ ನೋಡುವುದನ್ನು ‘ಸರ್ಪ್ರೈಸ್ ವೆರಿಫಿಕೇಶನ್’ ಎನ್ನುವಾಗ ಅಲ್ಲಿ ಯಾರೂ ಅಚ್ಚರಿಪಡಬೇಕೆಂಬ ಉದ್ದೇಶವಿಲ್ಲ; ಸಿದ್ಧತೆಗೆ ಅವಕಾಶ ಕೊಡಬಾರದೆಂಬುದಷ್ಟೇ ಉದ್ದೇಶ. ಕನ್ನಡ ಪತ್ರಿಕೆಗಳು ‘ಸರ್ಪ್ರೈಸ್ ವಿಸಿಟ್’ ಎಂಬುದನ್ನು ‘ಆಶ್ಚರ್ಯದ ಭೇಟಿ’ ಎಂದು ಅನುವಾದಿಸದೆ ‘ದಿಢೀರ್ ಭೇಟಿ’, ‘ಅನಿರೀಕ್ಷಿತ ಭೇಟಿ’ ಎಂದು ಬರೆಯುವುದು ಈ ದೃಷ್ಟಿಯಿಂದ ಬಹಳ ಸರಿ.

ಹಳೆಯ ಅರ್ಥವನ್ನು ನೆನಪಿನಲ್ಲಿಡಲು ಒಂದು ವಿನೋದದ ಕಥೆಯುಂಟು. ಕೆಲವರು ಅದನ್ನು ಅಮೆರಿಕದ ಕೋಶಕಾರ ನೋವಾ ವೆಬ್‌ಸ್ಟರನಿಗೆ, ಇನ್ನು ಕೆಲವರು ಇಂಗ್ಲೆಂಡಿನ ಸ್ಯಾಮ್ಯುಯಲ್ ಜಾನ್ಸನ್ನನಿಗೆ ಅಂಟಿಸುತ್ತಾರೆ. ಇಬ್ಬರ ವಿಷಯದಲ್ಲಿಯೂ ಅದು ಕಟ್ಟುಕಥೆಯೇ. ಕೋಶಕಾರನು ಮನೆಯ ಪರಿಚಾರಿಕೆಗೆ ಮುತ್ತಿಡುತ್ತಿದ್ದಾಗ ಪತ್ನಿ ಒಳಗೆ ಬಂದು, ತಾನು ‘ಸರ್ಪ್ರೈಸ್ಡ್’ ಎಂದಳಂತೆ. ಪಂಡಿತನು ಶಬ್ದವನ್ನು ತಿದ್ದಿ, ‘ಸರ್ಪ್ರೈಸ್ಡ್’ ಆದವನು ತಾನು, ಆಕೆಯಾದದ್ದು ‘ಅಸ್ಟಾನಿಶ್ಡ್’ ಎಂದನಂತೆ. ಸಿಕ್ಕಿಬಿದ್ದವನು ಅವನು, ಬೆರಗಾದವಳು ಅವಳು. ವಿನೋದದ ಸ್ವಾರಸ್ಯವೆಲ್ಲ ಮೂಲಾರ್ಥದಲ್ಲಿದೆ.

ಇದರಿಂದ ಒಂದು ತತ್ತ್ವ ಹೊರಡುತ್ತದೆ. ‘ಸರ್ಪ್ರೈಸ್’ ಎಂಬುದರ ತಿರುಳು ಭಾವಕ್ಕಿಂತ ಹೆಚ್ಚಾಗಿ ನಿರೀಕ್ಷೆ. ಏನೋ ಒಂದನ್ನು ಎದುರುನೋಡುತ್ತಿದ್ದವನಿಗೆ ಬೇರೊಂದು ಒದಗಿದರೆ ಅದು ‘ಸರ್ಪ್ರೈಸ್’. ನಮ್ಮ ‘ಆಶ್ಚರ್ಯ’ದ ಹರಹು ಇದಕ್ಕಿಂತ ದೊಡ್ಡದು. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಆತ್ಮವನ್ನು ಕುರಿತು ಈ ಶಬ್ದ ಬಂದಾಗ ಅಲ್ಲಿ ಹುಸಿಹೋದ ನಿರೀಕ್ಷೆಯ ಮಾತಿಲ್ಲ. ಎಷ್ಟು ನೋಡಿದರೂ ತೀರದ ವಿಸ್ಮಯದ ಮಾತಿದೆ. ಭರತನ ನಾಟ್ಯಶಾಸ್ತ್ರ ಅದ್ಭುತರಸಕ್ಕೆ ಸ್ಥಾಯಿಯೆಂದು ಹೇಳಿದ್ದು ಈ ವಿಸ್ಮಯವನ್ನೇ. ಅದಕ್ಕೆ ಇಂಗ್ಲಿಷಿನಲ್ಲಿ ಸಲ್ಲುವ ಶಬ್ದ ‘ವಂಡರ್’; ‘ಸರ್ಪ್ರೈಸ್’ ಅಲ್ಲ. ಕನ್ನಡದ ಒಂದು ಶಬ್ದ ಇಂಗ್ಲಿಷಿನ ಎರಡನ್ನು ಒಳಗೊಂಡಿರುವುದರಿಂದ ‘ಸರ್ಪ್ರೈಸ್ ಎಂದರೆ ಆಶ್ಚರ್ಯ’ ಎಂಬ ಶಾಲೆಯ ಪಾಠ ಅರ್ಧ ಸತ್ಯವಷ್ಟೆ.

೨. ಮಟ್ಟಗಳೆಂದರೇನು

ಕಲಿಯುವವರನ್ನು ಮಟ್ಟಗಳಾಗಿ ವಿಂಗಡಿಸುವ ಪ್ರಯತ್ನಗಳು ಹಲವು ನಡೆದಿವೆ. ೧೯೩೦ರಲ್ಲಿ ಸಿ. ಕೆ. ಆಗ್ಡನ್ ರೂಪಿಸಿದ ‘ಬೇಸಿಕ್ ಇಂಗ್ಲಿಷ್’ನಲ್ಲಿ ಒಟ್ಟು ೮೫೦ ಶಬ್ದಗಳಿದ್ದವು, ಅವುಗಳಲ್ಲಿ ‘ಸರ್ಪ್ರೈಸ್’ ಒಂದು. ಮೈಕೇಲ್ ವೆಸ್ಟ್ ೧೯೫೩ರಲ್ಲಿ ಪ್ರಕಟಿಸಿದ, ಸುಮಾರು ೨,೦೦೦ ಮುಖ್ಯಶಬ್ದಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವುಂಟು. ಈ ವೆಸ್ಟ್ ಭಾರತಕ್ಕೆ ಪರಕೀಯನಲ್ಲ. ಅವನು ಬಂಗಾಳದಲ್ಲಿ ಶಿಕ್ಷಣ ಇಲಾಖೆಯ ಸೇವೆಯಲ್ಲಿದ್ದವನು. ಢಾಕಾದ ಅನುಭವದ ಆಧಾರದ ಮೇಲೆ ದ್ವಿಭಾಷಿಕತೆಯನ್ನು ಕುರಿತ ತನ್ನ ಗ್ರಂಥವನ್ನು ೧೯೨೬ರಲ್ಲಿ ಹೊರತಂದವನು. ಅವನ ಪಟ್ಟಿಯ ವಿಶೇಷವೆಂದರೆ, ಶಬ್ದಗಳನ್ನು ಮಾತ್ರ ಕೊಡದೆ ಒಂದೊಂದು ಶಬ್ದದ ಬೇರೆ ಬೇರೆ ಅರ್ಥಗಳು ಬಳಕೆಯಲ್ಲಿ ಎಷ್ಟೆಷ್ಟು ಪಾಲು ಪಡೆದಿವೆ ಎಂಬುದನ್ನೂ ತೋರಿಸಿದ್ದು. ಒಂದು ಶಬ್ದವನ್ನು ಕಲಿಯುವುದೆಂದರೆ ಒಂದು ಅರ್ಥವನ್ನು ಕಲಿಯುವುದಲ್ಲವೆಂಬುದನ್ನು ಅವನು ಅಂಕಿಗಳಲ್ಲಿ ತೋರಿಸಿಕೊಟ್ಟ.

ಈಗ ಹೆಚ್ಚು ಬಳಕೆಯಲ್ಲಿರುವುದು ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆ ೨೦೦೧ರಲ್ಲಿ ಪ್ರಕಟಿಸಿದ ಚೌಕಟ್ಟು. ಅದರಲ್ಲಿ ಆರು ಮಟ್ಟಗಳಿವೆ: ಎ-೧, ಎ-೨, ಬಿ-೧, ಬಿ-೨, ಸಿ-೧, ಸಿ-೨. ಮೊದಲ ಜೋಡಿ ಪ್ರಾಥಮಿಕ ಬಳಕೆದಾರನದು, ಎರಡನೆಯದು ಸ್ವತಂತ್ರ ಬಳಕೆದಾರನದು, ಮೂರನೆಯದು ಪ್ರೌಢ ಬಳಕೆದಾರನದು. ಗಮನಿಸಬೇಕಾದ ಸಂಗತಿಯೆಂದರೆ, ಈ ಚೌಕಟ್ಟು ಮಟ್ಟಗಳನ್ನು ಶಬ್ದಸಂಖ್ಯೆಯಿಂದ ವಿವರಿಸುವುದಿಲ್ಲ. ಕಲಿತವನು ಭಾಷೆಯಿಂದ ಏನು ಮಾಡಬಲ್ಲನೆಂಬುದರಿಂದ ವಿವರಿಸುತ್ತದೆ. ದಿನಬಳಕೆಯ ಸಿದ್ಧನುಡಿಗಳನ್ನು ಗ್ರಹಿಸಬಲ್ಲವನು ಎ-೧. ಹೇಳದೆ ಬಿಟ್ಟ ಅರ್ಥವನ್ನು ಗುರುತಿಸಬಲ್ಲವನು ಸಿ-೧. ಅರ್ಥದ ಸೂಕ್ಷ್ಮಚ್ಛಾಯೆಗಳನ್ನು ಬೇರ್ಪಡಿಸಿ ನುಡಿಯಬಲ್ಲವನು ಸಿ-೨. ಈ ಅಳತೆಗೋಲನ್ನು ‘ಸರ್ಪ್ರೈಸ್’ ಎಂಬ ಒಂದೇ ಶಬ್ದಕ್ಕೆ ಹಿಡಿದು ನೋಡಬಹುದು.

೩. ಮೊದಲ ಮೆಟ್ಟಿಲು

ಅತ್ಯಂತ ಕೆಳಗಿನ ಮಟ್ಟದಲ್ಲಿ ‘ಸರ್ಪ್ರೈಸ್’ ಒಂದು ಉದ್ಗಾರ. ಮುಚ್ಚಿಟ್ಟ ಉಡುಗೊರೆಯನ್ನು ಮುಂದೆ ಹಿಡಿದು ‘ಸರ್ಪ್ರೈಸ್!’ ಎಂದರೆ ಮುಗಿಯಿತು; ಅಲ್ಲಿ ವ್ಯಾಕರಣವೇ ಇಲ್ಲ. ‘ವಾಟ್ ಎ ಸರ್ಪ್ರೈಸ್’ ಎಂಬುದನ್ನು ಕೂಡ ಹೊಸಬನು ಬಿಡಿಸಿ ನೋಡದೆ ಇಡಿಯಾಗಿ ನುಂಗಿರುತ್ತಾನೆ. ಸ್ವಂತ ವಾಕ್ಯ ಕಟ್ಟಲು ತೊಡಗಿದಾಗಲೇ ತೊಂದರೆ ಆರಂಭ. ‘ಇಟ್ ಈಸ್ ಸರ್ಪ್ರೈಸ್’ ಎಂದು ಕನ್ನಡಿಗನು ‘ಎ’ ಎಂಬ ಉಪಪದವನ್ನು ಬಿಟ್ಟುಬಿಡುತ್ತಾನೆ. ಕನ್ನಡದಲ್ಲಿ ‘ಒಂದು ಆಶ್ಚರ್ಯ’ ಎನ್ನುವ ಕಟ್ಟುಪಾಡಿಲ್ಲ. ಆಶ್ಚರ್ಯವನ್ನು ನಾವು ಎಣಿಸುವುದಿಲ್ಲ. ಇಂಗ್ಲಿಷಿನಲ್ಲಿಯಾದರೋ ಘಟನೆಯಾಗಿ ಬಂದ ‘ಸರ್ಪ್ರೈಸ್’ ಎಣಿಕೆಗೆ ಸಿಗುತ್ತದೆ, ಭಾವವಾಗಿ ಬಂದದ್ದು ಸಿಗುವುದಿಲ್ಲ. ಅನಿರೀಕ್ಷಿತವಾಗಿ ಬಂದ ನೆಂಟನು ‘ಎ ಸರ್ಪ್ರೈಸ್’. ಅವನನ್ನು ಕಂಡು ಅರಳಿದ ಕಣ್ಣಿನಲ್ಲಿರುವುದು ಬರಿಯ ‘ಸರ್ಪ್ರೈಸ್’.

೪. ‘ನನಗೆ’ ಎಂಬ ತೊಡಕು

ಎರಡನೆಯ ಮೆಟ್ಟಿಲಿನಲ್ಲಿ ಶಬ್ದ ಕ್ರಿಯಾಪದವಾಗುತ್ತದೆ. ಕನ್ನಡಿಗನ ಪಾಲಿಗೆ ಇದೇ ಎಲ್ಲಕ್ಕಿಂತ ಜಾರಿಕೆಯ ಜಾಗ. ಇಂಗ್ಲಿಷಿನ ನಿಯಮ ಸರಳವಾಗಿ ಕಾಣುತ್ತದೆ: ಅಚ್ಚರಿಯನ್ನು ಉಂಟುಮಾಡುವುದು ‘ಸರ್ಪ್ರೈಸಿಂಗ್’, ಅಚ್ಚರಿಗೆ ಒಳಗಾದವನು ‘ಸರ್ಪ್ರೈಸ್ಡ್’. ಆದರೂ ‘ಐ ಯಾಮ್ ಸರ್ಪ್ರೈಸಿಂಗ್’ ಎಂಬ ವಾಕ್ಯ ಕೇಳಿಬರುತ್ತದೆ. ಆಡಿದವನ ಅಭಿಪ್ರಾಯ ‘ನನಗೆ ಆಶ್ಚರ್ಯವಾಗುತ್ತಿದೆ’ ಎಂದು. ಕೇಳಿದ ಆಂಗ್ಲನಿಗೆ ತಿಳಿಯುವುದು ‘ನಾನು ಇತರರನ್ನು ಬೆರಗುಗೊಳಿಸುವಂಥ ವ್ಯಕ್ತಿ’ ಎಂದು. ಸಂದರ್ಶನದ ಕೊಠಡಿಯಲ್ಲಿ ಈ ಮಾತು ಆತ್ಮಪ್ರಶಂಸೆಯಂತೆ ತೋರಿ ನಗೆಗೆ ಎಡೆಗೊಡುತ್ತದೆ. ಇನ್ನೊಂದು ರೂಪ ‘ಹಿಯರಿಂಗ್ ದ ನ್ಯೂಸ್, ಐ ಸರ್ಪ್ರೈಸ್ಡ್’ ಎಂಬುದು. ಇಂಗ್ಲಿಷಿನಲ್ಲಿ ಈ ಧಾತು ಸಕರ್ಮಕವಾದುದರಿಂದ ಕೇಳಿದವನ ಮನಸ್ಸಿನಲ್ಲಿ ‘ಯಾರನ್ನು?’ ಎಂಬ ಪ್ರಶ್ನೆ ನಿಂತುಬಿಡುತ್ತದೆ.

ಈ ತಪ್ಪುಗಳ ಹಿಂದೆ ಅಜ್ಞಾನವಿಲ್ಲ. ಕನ್ನಡದ ಶುದ್ಧವಾದ ವ್ಯಾಕರಣವಿದೆ. ‘ಸುದ್ದಿ ಕೇಳಿ ನನಗೆ ಆಶ್ಚರ್ಯವಾಯಿತು’ ಎಂಬ ವಾಕ್ಯದಲ್ಲಿ ಅನುಭವಿಸಿದವನು ಪ್ರಥಮಾ ವಿಭಕ್ತಿಯಲ್ಲಿಲ್ಲ, ಚತುರ್ಥಿಯಲ್ಲಿದ್ದಾನೆ. ಹಸಿವು, ಬಾಯಾರಿಕೆ, ಸಿಟ್ಟು, ನಾಚಿಕೆ, ಸಂತೋಷ, ಆಶ್ಚರ್ಯ ಇವೆಲ್ಲವೂ ನಮಗೆ ‘ಆಗುತ್ತವೆ’ ಅಥವಾ ‘ಬರುತ್ತವೆ’. ನಾವು ಅವುಗಳನ್ನು ಮಾಡುವುದಿಲ್ಲ. ಆದರೂ ಆ ‘ನನಗೆ’ ಎಂಬುದಕ್ಕೆ ಕರ್ತೃವಿನ ಕೆಲವು ಅಧಿಕಾರಗಳಿವೆ: ‘ಸುದ್ದಿ ಕೇಳಿ’ ಎಂಬಲ್ಲಿ ಕೇಳಿದವನು ಯಾರೆಂದರೆ ಅದೇ ‘ನನಗೆ’ ಎಂದವನು. ಎಸ್. ಎನ್. ಶ್ರೀಧರ್ ಅವರು ಕನ್ನಡದ ಈ ಚತುರ್ಥೀ ಕರ್ತೃವಿನ ಸ್ವರೂಪವನ್ನು ೧೯೭೦ರ ದಶಕದಲ್ಲಿಯೇ ವಿವರವಾಗಿ ಚರ್ಚಿಸಿದ್ದಾರೆ. ಸುದ್ದಿಯನ್ನು ಕರ್ತೃವಾಗಿಸಿ ‘ಸುದ್ದಿ ನನ್ನನ್ನು ಅಚ್ಚರಿಗೊಳಿಸಿತು’ ಎಂದು ಬರೆಯಬಹುದಾದರೂ ಮನೆಯಲ್ಲಿ ಹಾಗೆ ಆಡುವವರಿಲ್ಲ. ಇಂಗ್ಲಿಷಿನಲ್ಲಿ ಆ ಬಗೆಯ ವಾಕ್ಯವೇ ಮೂಲ. ‘ಐ ವಾಸ್ ಸರ್ಪ್ರೈಸ್ಡ್’ ಎಂಬುದು ಅದರ ಕರ್ಮಣಿ ರೂಪದಿಂದ ಬಂದುದು. ಅರ್ಥಾತ್ ‘ನಾನು ಹಿಡಿಯಲ್ಪಟ್ಟೆ’ ಎಂಬ ಹಳೆಯ ಯುದ್ಧದ ಚಿತ್ರ ಆ ವಾಕ್ಯದಲ್ಲಿ ಇನ್ನೂ ಉಳಿದಿದೆ.

ಹೊರನಾಡಿನ ಪರಿಸರ ಈ ತೊಡಕನ್ನು ಬಿಡಿಸುವುದಿಲ್ಲ, ಬಿಗಿಗೊಳಿಸುತ್ತದೆ. ಮುಂಬಯಿಯ ಕನ್ನಡಿಗನು ನೆರೆಯವನಿಂದ ‘ಮಲಾ ಆಶ್ಚರ್ಯ ವಾಟಲೆ’ ಎಂಬ ಮರಾಠಿಯನ್ನೂ, ದೆಹಲಿಯವನು ‘ಮುಝೆ ಆಶ್ಚರ್ಯ ಹುವಾ’ ಎಂಬ ಹಿಂದಿಯನ್ನೂ ಕೇಳುತ್ತಾನೆ. ಚೆನ್ನೈಯಲ್ಲಿ ‘ಎನಕ್ಕು’, ಹೈದರಾಬಾದಿನಲ್ಲಿ ‘ನಾಕು’. ಎಲ್ಲೆಡೆಯೂ ಚತುರ್ಥಿಯೇ. ಬೇರೆ ಬೇರೆ ಕುಲದ ಭಾರತೀಯ ಭಾಷೆಗಳು ನೆರೆಹೊರೆಯಲ್ಲಿ ಬಾಳಿ ಸಮಾನಲಕ್ಷಣಗಳನ್ನು ಪಡೆದಿವೆಯೆಂದು ಎಮೆನೋ ೧೯೫೬ರಲ್ಲಿ ಪ್ರತಿಪಾದಿಸಿದನು. ಕಾಲಿನ್ ಮಸಿಕಾ ೧೯೭೬ರ ತನ್ನ ಗ್ರಂಥದಲ್ಲಿ ಪರಿಶೀಲಿಸಿದ ಲಕ್ಷಣಗಳಲ್ಲಿ ಈ ಚತುರ್ಥೀ ರಚನೆಯೂ ಒಂದು. ಇಂಗ್ಲಿಷಿಗೂ ಒಂದು ಕಾಲದಲ್ಲಿ ಇದು ಹೊಸದಾಗಿರಲಿಲ್ಲ. ಹಳೆಯ ಇಂಗ್ಲಿಷಿನಿಂದ ಉಳಿದುಬಂದ ‘ಮೀಥಿಂಕ್ಸ್’ ಎಂಬುದರ ಅರ್ಥ ‘ನನಗೆ ತೋರುತ್ತದೆ’ ಎಂದು. ಅಲ್ಲಿರುವ ‘ಮೀ’ ನಮ್ಮ ‘ನನಗೆ’ಯೇ.

ಈ ತೊಡಕನ್ನು ದಾಟಲು ಕನ್ನಡದಲ್ಲಿಯೇ ಸೇತುವೆಯುಂಟು. ಕನ್ನಡದಲ್ಲಿ ‘ನನಗೆ ಆಶ್ಚರ್ಯವಾಯಿತು’ ಎಂಬುದರ ಪಕ್ಕದಲ್ಲಿ ‘ನಾನು ಬೆರಗಾದೆ’, ‘ನಾನು ಚಕಿತನಾದೆ’, ‘ನಾನು ದಂಗಾದೆ’ ಎಂಬ ವಾಕ್ಯಗಳೂ ಇವೆ. ಇಲ್ಲಿ ‘ನಾನು’ ಪ್ರಥಮೆಯಲ್ಲಿದ್ದಾನೆ; ‘ಬೆರಗಾದೆ’ ಎಂಬುದು ಅವನ ಸ್ಥಿತಿಯನ್ನು ಹೇಳುತ್ತದೆ. ‘ಐ ವಾಸ್ ಸರ್ಪ್ರೈಸ್ಡ್’ ಎಂಬುದಕ್ಕೆ ಅಚ್ಚಿನಂತೆ ಹೊಂದುವ ಕನ್ನಡ ವಾಕ್ಯ ಇದೇ. ಅದರಂತೆಯೇ ‘ಆಶ್ಚರ್ಯಕರವಾದ ಸುದ್ದಿ’, ‘ಆಶ್ಚರ್ಯಚಕಿತನಾದ ಮನುಷ್ಯ’ ಎಂಬ ಜೋಡಿಯನ್ನು ಯಾವ ಕನ್ನಡಿಗನೂ ತಲೆಕೆಳಗು ಮಾಡುವುದಿಲ್ಲ. ‘ಕರ’ ಬಂದಲ್ಲಿ ‘ಇಂಗ್’, ‘ಚಕಿತ’ ಬಂದಲ್ಲಿ ‘ಎಡ್’ ಎಂದು ಕಲಿಸಿದರೆ, ಬೇಸರ ತರುವ ನಿಯಮವಾಗಿ ಕಂಡದ್ದು ಮೊದಲೇ ಗೊತ್ತಿದ್ದ ಸಂಗತಿಯಾಗಿ ಕಾಣುತ್ತದೆ.

೫. ನಡುವಣ ಮೆಟ್ಟಿಲು: ಜೊತೆಗಾರರು ಮತ್ತು ಪರ್ಯಾಯಗಳು

ವಾಕ್ಯದ ಬೆನ್ನೆಲುಬು ನೆಟ್ಟಗಾದ ಮೇಲೆ ಬಿ-೧ರ ಮಟ್ಟದಲ್ಲಿ ಶಬ್ದದ ಜೊತೆಗಾರರ ಪರಿಚಯವಾಗುತ್ತದೆ. ಕನ್ನಡದ ‘ಕಂಡು’, ‘ಕೇಳಿ’, ‘ಬಗ್ಗೆ’ ಇವುಗಳ ನೆರಳಿನಿಂದ ‘ಸರ್ಪ್ರೈಸ್ಡ್ ಅಬೌಟ್’, ‘ಸರ್ಪ್ರೈಸ್ಡ್ ಫಾರ್’ ಎಂಬ ರೂಪಗಳು ಬರುವುದುಂಟು. ಇವುಗಳಲ್ಲಿ ‘ಫಾರ್’ ಸಲ್ಲದು. ‘ಅಬೌಟ್’ ಕೆಲವೆಡೆ ಸಲ್ಲುತ್ತದೆ. ಹೆಚ್ಚಾಗಿ ಬರುವವು ‘ಅಟ್’ ಮತ್ತು ‘ಬೈ’. ಇವೆರಡರ ಭೇದವೂ ಅಲ್ಪವಲ್ಲ. ವಸ್ತುವಿನ ವಿಷಯದಲ್ಲಿ ಒಂದರ ಬದಲು ಇನ್ನೊಂದು ಬಂದರೂ ನಡೆದೀತು. ವ್ಯಕ್ತಿಯ ವಿಷಯದಲ್ಲಿ ನಡೆಯದು. ‘ಐ ಯಾಮ್ ಸರ್ಪ್ರೈಸ್ಡ್ ಅಟ್ ಯು’ ಎಂದರೆ ಅದು ಬೈಗುಳದ ಸೌಮ್ಯ ರೂಪ. ಅದರ ಸರಿಯಾದ ಕನ್ನಡ ‘ನಿನ್ನನ್ನು ಕಂಡು ಆಶ್ಚರ್ಯವಾಯಿತು’ ಎಂದಲ್ಲ; ‘ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎಂದು. ಇದೇ ಮಟ್ಟದಲ್ಲಿ ‘ಟು ಮೈ ಸರ್ಪ್ರೈಸ್’ ಎಂಬ ನುಡಿಗಟ್ಟೂ ದೊರೆಯುತ್ತದೆ. ಕನ್ನಡದಲ್ಲಿ ವಾಕ್ಯಾರಂಭಕ್ಕೆ ಬರುವ ‘ಆಶ್ಚರ್ಯವೆಂದರೆ’ ಎಂಬುದು ಇದರ ಸಮೀಪದ ಬಂಧು. ‘ಟೇಕನ್ ಬೈ ಸರ್ಪ್ರೈಸ್’ ಎಂಬಲ್ಲಿ ಮತ್ತೆ ಆ ಹಳೆಯ ದಾಳಿಯ ಚಿತ್ರವೇ.

ಬಿ-೨ರ ಮಟ್ಟಕ್ಕೆ ಏರಿದವನನ್ನು ಬೇರೊಂದು ಮೋಹ ಹಿಡಿಯುತ್ತದೆ. ಅದು ಪರ್ಯಾಯಪದಗಳ ಮೋಹ. ‘ಅಮೇಜ್ಡ್’, ‘ಅಸ್ಟಾನಿಶ್ಡ್’, ‘ಅಸ್ಟೌಂಡೆಡ್’, ‘ಸ್ಟಾರ್ಟಲ್ಡ್’, ‘ಫ್ಲಾಬರ್‌ಗ್ಯಾಸ್ಟೆಡ್’ ಎಂಬ ಶಬ್ದಗಳ ಪಟ್ಟಿ ದೊರೆತೊಡನೆ ‘ಸರ್ಪ್ರೈಸ್ಡ್’ ಎಂಬುದು ಬಡವರ ಮಾತಾಗಿ ತೋರುತ್ತದೆ. ಒಡನೆಯೇ ಪತ್ರದ ಉತ್ತರ ಒಂದು ದಿನ ಮೊದಲೇ ಬಂದುದಕ್ಕೂ ‘ಅಸ್ಟೌಂಡೆಡ್’ ಎಂಬ ಬರಹ. ಇವು ಒಂದೇ ವಸ್ತುವಿನ ಐದು ಹೆಸರುಗಳಲ್ಲ. ‘ಅಸ್ಟಾನಿಶ್’, ‘ಅಸ್ಟೌಂಡ್’, ‘ಸ್ಟನ್’ ಮೂರೂ ಒಂದೇ ಬೇರಿನವು; ಗುಡುಗು ಎಂಬ ಅರ್ಥದ ಲ್ಯಾಟಿನ್ ‘ತೊನಾರೆ’ ಅವುಗಳ ಮೂಲ. ಸಂಸ್ಕೃತದಲ್ಲಿ ಗುಡುಗಿಗೆ ಹೇಳುವ ‘ಸ್ತನಿತ’ ಅದೇ ಬುಡಕಟ್ಟಿಗೆ ಸೇರಿದ್ದು. ಕನ್ನಡದಲ್ಲಿ ‘ಸಿಡಿಲು ಬಡಿದವನಂತೆ’ ನಿಂತನೆನ್ನುವಾಗ ಬರುವ ಚಿತ್ರವೂ ಇದೇ. ‘ಅಮೇಜ್’ ಎಂಬುದು ದಿಕ್ಕುತಪ್ಪಿಸುವ ಹಾದಿಗಳ ಜಾಲವಾದ ‘ಮೇಜ್’ ಎಂಬ ಶಬ್ದದ ನಂಟು. ಬುದ್ಧಿ ದಿಕ್ಕುಗೆಡುವುದು ಅದರ ಹಳೆಯ ಅರ್ಥ. ಇಂದಿನ ಮಾತಿನಲ್ಲಿಯಾದರೋ ‘ಅಮೇಜಿಂಗ್’ ಬಹುಮಟ್ಟಿಗೆ ಬರಿಯ ಹೊಗಳಿಕೆಯಾಗಿದೆ. ‘ಸ್ಟಾರ್ಟಲ್’ ದೇಹದ ಮಾತು, ಕನ್ನಡದ ‘ಬೆಚ್ಚು’. ‘ಫ್ಲಾಬರ್‌ಗ್ಯಾಸ್ಟ್’ ಎಂಬುದು ೧೭೭೨ರಲ್ಲಿ ಹೊಸ ಮಾತಿನ ಶೋಕಿಯೆಂದು ದಾಖಲಾದದ್ದು. ಇಂದಿಗೂ ಅದರ ತುಂಟತನ ಹೋಗಿಲ್ಲವಾದುದರಿಂದ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ.

ತೂಕದ ಭೇದ ವ್ಯಾಕರಣದಲ್ಲಿಯೂ ಕಾಣಿಸುತ್ತದೆ. ‘ವೆರಿ ಸರ್ಪ್ರೈಸ್ಡ್’ ಎನ್ನಬಹುದು, ‘ಎ ಲಿಟಲ್ ಸರ್ಪ್ರೈಸ್ಡ್’ ಎಂದೂ ಎನ್ನಬಹುದು. ಏಕೆಂದರೆ ಈ ಶಬ್ದಕ್ಕೆ ಏರಿಳಿತವುಂಟು. ‘ಅಸ್ಟೌಂಡೆಡ್’ ಎಂಬುದು ಮೊದಲೇ ಶಿಖರದಲ್ಲಿದೆ. ಅದಕ್ಕೆ ‘ವೆರಿ’ ಹಚ್ಚಿದರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಅಲ್ಪಕ್ಕೂ ಮಹತ್ತಿಗೂ ಹೊಂದಿಕೊಳ್ಳುವ ಗುಣವಿರುವುದರಿಂದಲೇ ‘ಸರ್ಪ್ರೈಸ್’ ಅಷ್ಟು ಉಪಯುಕ್ತ. ದೊಡ್ಡ ಶಬ್ದವನ್ನು ಕಲಿಯುವುದು ಪ್ರಗತಿ. ಅದನ್ನು ಯಾವಾಗ ಬಳಸಬಾರದೆಂದು ತಿಳಿಯುವುದು ಅದರ ಮುಂದಿನ ಪ್ರಗತಿ.

೬. ಮೇಲಿನ ಮೆಟ್ಟಿಲು: ನಿರೀಕ್ಷೆ ಯಾರದು?

ಸಿ-೧ರ ಮಟ್ಟದಲ್ಲಿ ಓದುಗನು ಮತ್ತೆ ಆ ಸಣ್ಣ ಶಬ್ದಕ್ಕೇ ಬರುತ್ತಾನೆ. ಆದರೆ ಈಗ ಅವನು ಕೇಳುವ ಪ್ರಶ್ನೆ ಬೇರೆ. ‘ಯಾರಿಗೆ ಆಶ್ಚರ್ಯವಾಯಿತು?’ ಎಂದಲ್ಲ, ‘ಅವನು ಮೊದಲು ಏನನ್ನು ನಿರೀಕ್ಷಿಸಿದ್ದನು?’ ಎಂದು. ಶಬ್ದದ ತಿರುಳು ನಿರೀಕ್ಷೆಯೆಂಬ ಮೊದಲಿನ ತತ್ತ್ವ ಇಲ್ಲಿ ಫಲ ಕೊಡುತ್ತದೆ.

ಕಚೇರಿಯ ಪತ್ರವ್ಯವಹಾರವನ್ನು ತೆಗೆದುಕೊಳ್ಳಬಹುದು. ಪ್ರಧಾನ ಕಚೇರಿಯಿಂದ ಶಾಖೆಗೆ ‘ತಿಂಗಳ ತಃಖ್ತೆ ಇನ್ನೂ ತಲುಪಿಲ್ಲವೆಂಬುದನ್ನು ಕಂಡು ವಿ ಆರ್ ಸರ್ಪ್ರೈಸ್ಡ್’ ಎಂಬ ಪತ್ರ ಬರುತ್ತದೆಂದು ಭಾವಿಸೋಣ. ವ್ಯಾಕರಣ ಮಾತ್ರ ಬಲ್ಲ ಕಿರಿಯ ಗುಮಾಸ್ತನು ಇದನ್ನು ಮೇಲಿನವರ ಮನಸ್ಥಿತಿಯ ವರ್ಣನೆಯೆಂದು ಓದಿ ಕಡತಕ್ಕೆ ಸೇರಿಸಿಯಾನು. ಬಲ್ಲವನು ಅದನ್ನು ಛೀಮಾರಿಯೆಂದು ಓದಿ ಅಂದೇ ಉತ್ತರ ಬರೆಯುತ್ತಾನೆ. ಕರ್ತವ್ಯ ನೆರವೇರುತ್ತದೆಂಬ ನಿರೀಕ್ಷೆಯಿತ್ತು, ಅದು ಹುಸಿಯಾಯಿತು ಎಂಬುದೇ ಪತ್ರದ ಅರ್ಥ. ಇದೇ ಗುಮಾಸ್ತನು ತನ್ನ ರಜೆ ಮಂಜೂರಾಗದಿದ್ದಾಗ ಮೇಲಧಿಕಾರಿಗೆ ‘ಐ ಯಾಮ್ ಸರ್ಪ್ರೈಸ್ಡ್’ ಎಂದು ಬರೆದರೆ, ವಾಕ್ಯದಲ್ಲಿ ಒಂದು ತಪ್ಪೂ ಇಲ್ಲದಿದ್ದರೂ ಪತ್ರವೇ ತಪ್ಪಾಗುತ್ತದೆ. ಅವನ ಮನಸ್ಸಿನಲ್ಲಿದ್ದುದು ‘ಕಾರಣ ತಿಳಿಯಲಿಲ್ಲ’ ಎಂಬ ದೈನ್ಯ. ಕಾಗದದ ಮೇಲೆ ಮೂಡಿದ್ದು ‘ನೀವು ಮಾಡಬೇಕಾದುದನ್ನು ಮಾಡಲಿಲ್ಲ’ ಎಂಬ ಆರೋಪ. ಕೆಳಗಿನ ಮಟ್ಟದ ತಪ್ಪಿಗೆ ಕೇಳಿದವನು ನಗುತ್ತಾನೆ, ಕ್ಷಮಿಸುತ್ತಾನೆ. ಮೇಲಿನ ಮಟ್ಟದ ತಪ್ಪನ್ನು ಭಾಷೆಯ ತಪ್ಪೆಂದು ಯಾರೂ ಗುರುತಿಸುವುದಿಲ್ಲ. ಸ್ವಭಾವದ ದೋಷವೆಂದು ಎಣಿಸುತ್ತಾರೆ. ಭಾಷೆ ಚೆನ್ನಾಗಿ ಬಂದವನಿಗೇ ಈ ಅಪಾಯ ಹೆಚ್ಚು.

ಇಂಥ ಧ್ವನಿ ಕನ್ನಡಕ್ಕೆ ಅಪರಿಚಿತವಲ್ಲ. ‘ನೀವು ಹೀಗೆ ಹೇಳಿದಿರೆಂದು ಕೇಳಿ ಆಶ್ಚರ್ಯವಾಯಿತು’ ಎಂದು ಹಿರಿಯರೊಬ್ಬರು ಶಾಂತವಾಗಿ ನುಡಿದರೆ ಅದು ಹೊಗಳಿಕೆಯಲ್ಲವೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾಯ್ನುಡಿಯಲ್ಲಿ ಕಿವಿಯಿಂದ ಬಂದ ಈ ತಿಳಿವಳಿಕೆ ಪರನುಡಿಯಲ್ಲಿ ಕಣ್ಣಿನಿಂದ ಬರಬೇಕಾಗಿದೆ; ತಡವಾಗುವುದು ಅದಕ್ಕಾಗಿಯೇ.

ನಿರೀಕ್ಷೆಯ ಬೀಗದಕೈ ಹಿಡಿದವನಿಗೆ ಇತರ ಬಳಕೆಗಳೂ ತೆರೆದುಕೊಳ್ಳುತ್ತವೆ. ಒಬ್ಬನು ಸೋತಾಗ ‘ಐ ಯಾಮ್ ನಾಟ್ ಸರ್ಪ್ರೈಸ್ಡ್’ ಎನ್ನುವವನು ತಾನು ಆ ಸೋಲನ್ನೇ ನಿರೀಕ್ಷಿಸಿದ್ದೆನೆಂದು ಹೇಳುತ್ತಿದ್ದಾನೆ. ನಮ್ಮ ‘ಆಶ್ಚರ್ಯವೇನಿಲ್ಲ’ ಎಂಬುದರ ಕಹಿಯೂ ಅದೇ. ‘ಐ ಶುಡ್ ನಾಟ್ ಬಿ ಸರ್ಪ್ರೈಸ್ಡ್ ಇಫ್’ ಎಂದು ಆರಂಭವಾಗುವ ವಾಕ್ಯ ಭಾವವನ್ನು ಹೇಳುವುದೇ ಇಲ್ಲ, ಭವಿಷ್ಯವನ್ನು ಊಹಿಸುತ್ತದೆ. ಹೊರನಾಡಿನ ವಿದ್ಯಾವಂತರು ಒಮ್ಮೆಯಾದರೂ ಕೇಳಿರಬಹುದಾದ ಪ್ರಶಂಸೆಯೊಂದುಂಟು: ‘ಯುವರ್ ಇಂಗ್ಲಿಷ್ ಈಸ್ ಸರ್ಪ್ರೈಸಿಂಗ್ಲಿ ಗುಡ್’. ಮಧ್ಯಮ ಮಟ್ಟದವನು ‘ಗುಡ್’ ಎಂಬುದನ್ನು ಕೇಳಿ ಹಿಗ್ಗುತ್ತಾನೆ. ಮೇಲಿನ ಮಟ್ಟದವನ ಕಿವಿಗೆ ಬೀಳುವುದು ಅದರ ಹಿಂದಿನ ಶಬ್ದ. ಆಡಿದವನು ಮೊದಲು ಏನನ್ನು ನಿರೀಕ್ಷಿಸಿದ್ದನೆಂಬುದನ್ನು ಅದು ಅವನಿಗೆ ಅರಿವಿಲ್ಲದೆಯೇ ಹೊರಗೆಡಹುತ್ತದೆ. ಹೊಗಳಿಕೆಯೊಳಗಿನ ಈ ಮುಳ್ಳನ್ನು ಗುರುತಿಸಿದ ಮೇಲೆ, ತಾನು ಇನ್ನೊಬ್ಬರ ಬಗ್ಗೆ ಅದೇ ಶಬ್ದವನ್ನು ಬಳಸುವಾಗ ಕೈ ತಡೆಯುತ್ತದೆ.

ಇನ್ನು ಕೊನೆಯ ಮೆಟ್ಟಿಲು. ‘ಸರ್ಪ್ರೈಸ್, ಸರ್ಪ್ರೈಸ್’ ಎಂದು ಎರಡು ಬಾರಿ, ಒಣದನಿಯಲ್ಲಿ ನುಡಿದರೆ ಅದು ವ್ಯಂಗ್ಯ: ಆದದ್ದು ಎಲ್ಲರೂ ಬಲ್ಲದ್ದೇ, ಇದರಲ್ಲಿ ಅಚ್ಚರಿಯೇನೂ ಇಲ್ಲ ಎಂದು ಅರ್ಥ. ಎ-೧ರ ಬಾಲಕನು ಉಡುಗೊರೆ ಹಿಡಿದು ಕೂಗಿದ್ದೂ ಇದೇ ಶಬ್ದವನ್ನು. ರೂಪದಲ್ಲಿ ಎರಡಕ್ಕೂ ಅಂತರವಿಲ್ಲ. ನಡುವೆ ಇರುವುದು ಆರು ಮೆಟ್ಟಿಲುಗಳ ದಾರಿ. ಪರೀಕ್ಷೆಯ ಪ್ರಶ್ನೆಪತ್ರಿಕೆ ಈ ದಾರಿಯನ್ನು ಸುಲಭವಾಗಿ ಅಳೆಯಲಾರದು.

೭. ಮನೆಯ ಮಾತು

ಇದೇ ಅಳತೆಗೋಲನ್ನು ಹೊರನಾಡಿನ ಕನ್ನಡಿಗರು ತಮ್ಮ ಮನೆಯೊಳಗೂ ಹಿಡಿದು ನೋಡಬೇಕಾಗಿದೆ. ಎರಡನೆಯ ತಲೆಮಾರಿನ ಮಕ್ಕಳ ಬಾಯಲ್ಲಿ ‘ನನಗೆ ಸರ್ಪ್ರೈಸ್ ಆಯ್ತು’, ‘ಅಜ್ಜಿ ಸರ್ಪ್ರೈಸ್ ಕೊಟ್ಟರು’ ಎಂಬ ವಾಕ್ಯಗಳು ಸಹಜವಾಗಿ ಬರುತ್ತವೆ. ಇವುಗಳನ್ನು ಕೇಳಿ ಕನ್ನಡ ಕೆಟ್ಟಿತೆಂದು ಕೊರಗಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕನ್ನಡಿಗನನ್ನು ಎಡವಿಸಿದ ಆ ‘ನನಗೆ’ಯೇ ಇಲ್ಲಿ ಇಂಗ್ಲಿಷ್ ಶಬ್ದವನ್ನು ಹಿಡಿದು ಚತುರ್ಥಿಯ ಚೌಕಟ್ಟಿನಲ್ಲಿ ಕೂರಿಸಿದೆ, ಮಗುವಿನ ವ್ಯಾಕರಣ ಇನ್ನೂ ಕನ್ನಡದ್ದೇ. ಕೊರಗಬೇಕಾದುದು ಬೇರೊಂದಕ್ಕೆ. ಅಚ್ಚರಿ, ಬೆರಗು, ಸೋಜಿಗ, ವಿಸ್ಮಯ, ದಿಗ್ಭ್ರಮೆ ಎಂಬ ಶಬ್ದಗಳ ಹದಭೇದ ಆ ಮಗುವಿಗೆ ತಲುಪಿಲ್ಲ. ಆಕಾಶದ ಕಾಮನಬಿಲ್ಲಿಗೂ ತಿಳಿಸದೆ ಬಂದ ನೆಂಟರಿಗೂ ಒಂದೇ ಶಬ್ದ ಸಾಕಾದರೆ, ತಾಯ್ನುಡಿಯಲ್ಲಿಯೇ ಅದು ಎ-೧ರ ಮೆಟ್ಟಿಲಿನಲ್ಲಿ ನಿಂತಂತಾಯಿತು. ಇಂಗ್ಲಿಷಿನ ಆರು ಮೆಟ್ಟಿಲು ಏರಿಸಲು ಹಣವನ್ನೂ ಕಾಲವನ್ನ��ೂ ವ್ಯಯಮಾಡುವ ತಂದೆತಾಯಿಗಳು ಕನ್ನಡದ ಎರಡನೆಯ ಮೆಟ್ಟಿಲನ್ನು ಮರೆಯುವುದು ನ್ಯಾಯವಲ್ಲ.

ಎರಡು ಕೆಲಸಗಳಿಗೂ ಒಂದೇ ವಿಧಾನ ಸಾಕು. ಕನ್ನಡ ಸಂಘಗಳು ನಡೆಸುವ ತರಗತಿಗಳಲ್ಲಿ ದಿನಕ್ಕೆ ಹತ್ತು ಹೊಸ ಶಬ್ದಗಳನ್ನು ಬಾಯಿಪಾಠ ಮಾಡಿಸುವ ಬದಲು ವಾರಕ್ಕೆ ಒಂದು ಪರಿಚಿತ ಶಬ್ದವನ್ನು ತೆಗೆದುಕೊಂಡು, ಅದರ ಮೂಲ, ವಿಭಕ್ತಿ, ಜೊತೆಗಾರರು, ತೂಕ, ಧ್ವನಿ ಎಂಬ ಐದು ಮೆಟ್ಟಿಲುಗಳನ್ನು ಹತ್ತಿಸಿ ನೋಡಬಹುದು. ‘ನಾನು ಬೆರಗಾದೆ’ ಎಂಬುದನ್ನು ಬಲ್ಲ ಹುಡುಗನಿಗೆ ‘ಐ ವಾಸ್ ಸರ್ಪ್ರೈಸ್ಡ್’ ಎಂಬುದು ತಡವಿಲ್ಲದೆ ಬರುತ್ತದೆ. ‘ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎಂಬ ಮಾತಿನ ಪೆಟ್ಟನ್ನು ತನ್ನ ಮನೆಯಲ್ಲಿ ಕೇಳಿ ಅರಿತವನು ಕಚೇರಿಯ ಪತ್ರದಲ್ಲಿ ಅದರ ಇಂಗ್ಲಿಷ್ ರೂಪವನ್ನು ಕಂಡಾಗ ಗುರುತಿಸದೆ ಇರಲಾರ.